ಮೂರು ಊರಿನ ಕಾರ್ಡು

ಸಂತೆಕಟ್ಟೆಯ ಅಂಗನವಾಡಿಯಲ್ಲಿ ನನ್ನ ಮಗಳ ಸರದಿ ಬಂತು ಎನ್ನುವಾಗ ನಾನು ಅವಳನ್ನು ಎತ್ತಿಕೊಂಡು ವಾಪಸ್ ಹೊರಟೇಬಿಟ್ಟೆ. ಬಾಗಿಲಲ್ಲಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ ಹೆಂಗಸು ಕೇಳಿದಳು, "ಯಾಕ್ರೀ ಅಕ್ಕಾರ, ಚುಚ್ಚುಮದ್ದು ಹಾಕಿಸ್ಲಾರ್ದ ಹೊಂಟ್ರಿ?"

"ಕಳೆದ ಸಲ ಇವಳಿಗೆ ಜ್ವರ ಬಂದಿತ್ತು. ನನಗೆ ಹೆದರಿಕೆ ಉಂಟು," ಎಂದೆ.

ಅವಳು ನಕ್ಕು, ಪ್ಲಾಸ್ಟಿಕ್ ಕವರಿನಿಂದ ತಾಯಿ ಕಾರ್ಡ್ ತೆಗೆದು ತೋರಿಸಿದಳು. ಬಾಗಲಕೋಟೆ ಕಡೆಯವಳು, ಗಂಡ ಹೆಂಡತಿ ಇಬ್ಬರಿಗೂ ಕಟ್ಟಡದ ಕೆಲಸ. ಕೂಸಿಗೆ ಮೊದಲ ಚುಚ್ಚುಮದ್ದು ಊರಲ್ಲಿ, ಆಮೇಲಿನದು ಕಾಪುವಿನಲ್ಲಿ, ಮತ್ತೊಂದು ಕಾರ್ಕಳದಲ್ಲಿ ಆಗಿತ್ತು. ಒಂದೂ ತಪ್ಪಿರಲಿಲ್ಲ.

"ಕೆಲಸ ಇದ್ದಲ್ಲಿ ನಮ್ಮ ಮನಿ ರೀ. ಜ್ವರ ನಮ್ಮ ಕೂಸಿಗೂ ಬರ್ತೈತಿ, ಮರುದಿನ ಹೋಗ್ತೈತಿ. ಬರ್ರಿ, ನಾನೂ ಒಳಗ ಬರ್ತೀನಿ," ಎಂದು ನನ್ನ ಕೈ ಹಿಡಿದಳು.

ಎರಡು ಮಕ್ಕಳೂ ಒಟ್ಟಿಗೆ ಅತ್ತವು. ಬಳಿಕ ಒಂದನ್ನೊಂದು ನೋಡುತ್ತ ಅಳುವುದನ್ನೇ ಮರೆತುಬಿಟ್ಟವು. ನರ್ಸಮ್ಮನಿಗೂ ನಗು ತಡೆಯಲಾಗಲಿಲ್ಲ.

ಸಂಜೆ ಮಗಳ ಮೈ ಸ್ವಲ್ಪ ಬಿಸಿಯಾಯಿತು, ಬೆಳಿಗ್ಗೆ ನೋಡಿದರೆ ಕೈಕಾಲು ಆಡಿಸುತ್ತ ನಗುತ್ತಿದ್ದಳು. ಊರೂರು ಸುತ್ತಿಯೂ ಒಂದು ಚುಚ್ಚುಮದ್ದನ್ನೂ ತಪ್ಪಿಸದ ಆ ತಾಯಿಯ ಎದುರು, ಪಕ್ಕದ ಓಣಿಯಿಂದ ಬಂದು ಹಿಂದಿರುಗಲು ಹೊರಟಿದ್ದ ನನ್ನನ್ನು ನೆನೆದರೆ ಈಗಲೂ ನಾಚಿಕೆಯ ಜೊತೆ ನಗು ಬರುತ್ತದೆ.