ಗೌನಿಪಲ್ಲಿ ಬಸ್ಸಿನ ಫ್ಲಾಪಿ

ಎಂಬತ್ತರ ದಶಕದ ಕೊನೆಯಲ್ಲಿ ಕೋಲಾರದ ಒಂದು ರೇಷ್ಮೆ ಕಚೇರಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ರೈತರು ತಮ್ಮ ಊರು, ಅಲ್ಲಿಗೆ ಹಂಚಿದ ರೇಷ್ಮೆ ಮೊಟ್ಟೆ ಹಾಳೆಯ ನಂಬರು ಹೇಳಿದರೆ, ತಾಯಿ ಚಿಟ್ಟೆಗೆ ರೋಗವಿತ್ತೋ ಇಲ್ಲವೋ ಎಂದು ಪಟ್ಟಿಯಲ್ಲಿ ಹುಡುಕಿ ಹೇಳುವುದು ನನ್ನ ಕೆಲಸ. ಅದು ತಿಳಿಯದೆ ಯಾರೂ ಮೊಟ್ಟೆಯನ್ನು ಹುಳುಮನೆಗೆ ಸೇರಿಸುತ್ತಿರಲಿಲ್ಲ. ಒಂದು ಹಾಳೆಗೆ ರೋಗವಿದ್ದರೂ ಸಾಕು, ಇಡೀ ಬೆಳೆ ಕೈಬಿಟ್ಟುಹೋದಂತೆ.

ಪಟ್ಟಿ ದೊಡ್ಡದು, ಕಂಪ್ಯೂಟರಿನ ಮೆಮೊರಿ ಚಿಕ್ಕದು. ಆದ್ದರಿಂದ ಊರುಗಳನ್ನು ಅಕಾರಾದಿಯಾಗಿ ತುಂಡು ಮಾಡಿ, ತುಂಡಿಗೊಂದು ಫ್ಲಾಪಿ ಮಾಡಿಟ್ಟಿದ್ದೆ. ಒಂದು ತುಂಡು ಮೆಮೊರಿಗೆ ಬರಬೇಕಾದರೆ ಇನ್ನೊಂದು ಜಾಗ ಬಿಡಬೇಕು. ಆ ಜೋಡಣೆಯ ಮೇಲೆ ನನಗೆ ಎಲ್ಲಿಲ್ಲದ ಜಂಬ.

ಆದರೆ ಜನ ಅಕಾರಾದಿಯಲ್ಲಿ ಬರುತ್ತಾರೆಯೇ? ಆವನಿಯವರ ಹಿಂದೆ ಸುಗಟೂರಿನವರು, ಅವರ ಹಿಂದೆ ಗೌನಿಪಲ್ಲಿಯವರು, ಮತ್ತೆ ಆವನಿ. ಒಬ್ಬೊಬ್ಬರಿಗೂ ಫ್ಲಾಪಿ ಬದಲಿಸಿ, ಅದು ಕಿರ್ರೆಂದು ಓದಿ ಮುಗಿಸುವವರೆಗೆ ಕಾಯುತ್ತಿದ್ದೆ.

ಒಂದು ದಿನ ಗೌನಿಪಲ್ಲಿಯ ಹೆಂಗಸೊಬ್ಬರು ಬೆಳಗಿನಿಂದ ಮೊಟ್ಟೆ ಹಾಳೆಯನ್ನು, ಊರು ಸೇರುವ ಮೊದಲೇ ಒಡೆಯದಿರಲೆಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರ ಸರದಿ ಬಂದಾಗ ಮಧ್ಯಾಹ್ನ ಮೀರಿತ್ತು. "ರೋಗ ಇಲ್ಲಮ್ಮ" ಎಂದೆ. ಅವರು ಬಟ್ಟೆ ಬಿಚ್ಚಿದರು.

"ಅಯ್ಯೋ ದೇವುಡಾ, ಹುಳ ಬಂದ್ಬಿಟ್ವಲ್ಲಪ್ಪಾ! ಸೊಪ್ಪಿಗೆ ಏನ್ ಮಾಡ್ಲಿ?"

ಎಳ್ಳಿನ ಗಾತ್ರದ ಕಪ್ಪು ಮರಿಗಳು ಹಾಳೆಯ ತುಂಬ ಹರಿದಾಡುತ್ತಿದ್ದವು. ಅವಕ್ಕೆ ಕೂಡಲೇ ತಿನ್ನಲು ಬೇಕಾದ ಹಿಪ್ಪುನೇರಳೆ ಸೊಪ್ಪು ಇದ್ದದ್ದು ಅವರ ಊರಿನಲ್ಲಿ. ಅವರು ಬಸ್ಸಿಗೆ ಓಡಿದರು. ನನಗೆ ತಲೆ ಎತ್ತಲು ನಾಚಿಕೆಯಾಯಿತು. ಅರ್ಧದಷ್ಟು ಹುಳುಗಳೂ ಉಳಿಯಲಿಲ್ಲವೆಂದು ಆಮೇಲೆ ತಿಳಿಯಿತು.

ಇದನ್ನೆಲ್ಲ ನೋಡುತ್ತಿದ್ದವರು ಕಚೇರಿಯ ಕಸ ಗುಡಿಸುವ ಆಯಾ. "ಒಬ್ಬೊಬ್ರಿಗೂ ಒಂದೊಂದ್ ಸಲ ತೆಗ್ದು ಹಾಕ್ತಾ ಕೂತ್ರೆ ಮುಗಿಯೋದುಂಟಾ ಸಾರ್? ಒಂದು ಬಸ್ನಲ್ಲಿ ಬಂದೋರ್ನ ಒಂದೇ ಬೆಂಚಲ್ಲಿ ಕೂರ್ಸಿ. ಅವ್ರ ಊರುಗಳ್ನೆಲ್ಲ ಒಂದೇ ಸಲ ನೋಡ್ಬಿಡಿ."

ವಾರವಿಡೀ ಕೂತು ಪಟ್ಟಿಯನ್ನು ಬಸ್ಸಿನ ದಾರಿಯಂತೆ ಮತ್ತೆ ತುಂಡರಿಸಿದೆ. ಗೌನಿಪಲ್ಲಿಯಿಂದ ಶ್ರೀನಿವಾಸಪುರದ ಮೇಲೆ ಬರುವ ಬಸ್ಸಿಗೊಂದು ಫ್ಲಾಪಿ, ಮುಳಬಾಗಿಲಿಗೊಂದು, ಮಾಲೂರಿಗೊಂದು. ಒಮ್ಮೆ ಹಾಕಿದರೆ ಇಡೀ ಬೆಂಚು ಎದ್ದು ಹೋಗುತ್ತಿತ್ತು. ಆಯಾ ಬಾಗಿಲಲ್ಲಿ ನಿಂತು ಜನರನ್ನು ಕೂರಿಸುತ್ತಿದ್ದ ಆ ಬೆಳಗುಗಳು ಈಗಲೂ ನನಗೆ ಬೇಕೆನಿಸುತ್ತವೆ.

ಮುಂದಿನ ಬೆಳೆಗೆ ಆ ಹೆಂಗಸು ಮತ್ತೆ ಬಂದರು. ಅವರು ಕೂರುವಷ್ಟರಲ್ಲೇ ಉತ್ತರ ಹೇಳಿ, ಹೇಗಿದೆ ಎಂಬಂತೆ ನೋಡಿದೆ.

"ಚೆನ್ನಾಗೈತೆ ಕಣಪ್ಪ ನಿನ್ ಮಿಷಿನ್ನು" ಎಂದು ಎದ್ದರು. ಈ ಸಲ ಅವರ ಚೀಲದಲ್ಲಿ ಊರಿನಿಂದಲೇ ತಂದ, ಒದ್ದೆ ಬಟ್ಟೆ ಸುತ್ತಿದ ಒಂದು ಹಿಡಿ ಎಳೆ ಸೊಪ್ಪಿತ್ತು.