ರಕ್ತಕ್ಕೆ ಗೊತ್ತಾಗದ ಪಿತ್ತಗಂಧೆ

ಐವತ್ತರ ದಶಕದಲ್ಲಿ ನಾನು ಮುಂಬಯಿಯ ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಗಲೇ ಮೈತುಂಬ ಪಿತ್ತಗಂಧೆ ಏಳತೊಡಗಬೇಕೆ? ಒಂದೆರಡು ದಿನವಲ್ಲ, ತಿಂಗಳುಗಟ್ಟಲೆ. ಬೆಳಿಗ್ಗೆ ತುಟಿ ಊದಿ ಕಣ್ಣು ಮುಚ್ಚಿಹೋದರೆ ಮಾಟುಂಗದಲ್ಲಿ ಲೋಕಲ್ ಹತ್ತುವುದಾದರೂ ಹೇಗೆ? ಮಧ್ಯಾಹ್ನಕ್ಕೆ ಎಲ್ಲ ಇಳಿದು ಮೈ ನುಣ್ಣಗಾಗುತ್ತಿತ್ತು. ಅದೇ ನನ್ನ ಗ್ರಹಚಾರ. ರಜೆಗೆ ಸುಳ್ಳು ನೆಪ ಹೇಳುತ್ತೀಯ ಎಂದ ಹೆಡ್‌ಕ್ಲಾರ್ಕ್, ಡಾಕ್ಟರ ಸರ್ಟಿಫಿಕೇಟ್ ತರದಿದ್ದರೆ ಸೋಮವಾರದಿಂದ ಬರಲೇಬೇಡ ಎಂದುಬಿಟ್ಟರು.

ಮನೆಯಲ್ಲಿ ಅವ್ವನದು ಧಾರವಾಡದ ಔಷಧ. ಒರಟು ಕಂಬಳಿಯಿಂದ ಗಸಗಸ ಮೈ ತಿಕ್ಕುವಳು.

"ತಡಕೋ, ಪಿತ್ತ ಹೊರಗ ಬೀಳ್ತೈತಿ."

ತಿಕ್ಕಿದಲ್ಲೆಲ್ಲ ಬಾಸುಂಡೆ ಏಳುತ್ತಿತ್ತು. "ನೋಡು, ಹೊರಗ ಬಂತಿಲ್ಲಾ!" ಎಂದು ಅವಳಿಗೆ ಹಿಗ್ಗು. ನನಗೆ ಅಳು, ಸಿಟ್ಟು ಎರಡೂ ಬರುತ್ತಿದ್ದವು.

ಆಫೀಸಿನ ಡಾಕ್ಟರು ನನ್ನ ರಕ್ತ ತೆಗೆದು ಸಪೂರ ಗಾಜಿನ ಕೊಳವೆಯಲ್ಲಿ ನಿಲ್ಲಿಸಿದರು. ಮೈಯೊಳಗೆ ಉರಿಯೂತವಿದ್ದರೆ ರಕ್ತದ ಕೆಂಪು ಬೇಗ ತಳಕ್ಕಿಳಿಯುತ್ತದಂತೆ. ಒಂದು ಗಂಟೆ ಬೆಂಚಿನ ಮೇಲೆ ಕೂತು, ಇಳಿಯೇ ತಾಯಿ, ಬೇಗ ಇಳಿ ಎಂದು ಬೇಡಿಕೊಂಡೆ. ಕಾಯಿಲೆ ಇರಲಪ್ಪಾ ಎಂದು ದೇವರಿಗೆ ಕೈಮುಗಿದವಳು ಬಹುಶಃ ನಾನೊಬ್ಬಳೇ! ಆ ಹಾಳು ರಕ್ತ ಗಟ್ಟಿಮುಟ್ಟಾದವರ ರಕ್ತ ಇಳಿಯುವಷ್ಟೇ ಇಳಿಯಿತು.

"ರಕ್ತದಲ್ಲಿ ಏನೂ ಇಲ್ಲ. ಮದುವೆ ಮಾಡಿಕೋ, ಸರಿಹೋಗುತ್ತದೆ" ಎಂದು ಹಿಂದಿಯಲ್ಲಿ ಹೇಳಿ ಡಾಕ್ಟರು ಪೆನ್ನಿನ ಕ್ಯಾಪು ಮುಚ್ಚಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ರಕ್ತ ಬಾಯಿ ಬಿಡದಿದ್ದರೆ ಚರ್ಮವೇ ಹೇಳಲಿ! ತಿಕ್ಕಿದರೆ ಏಳುತ್ತದೆಂದು ಅವ್ವನ ಕೈಯಲ್ಲಿ ಕಲಿತಿದ್ದೆನಲ್ಲ. ತುರುಬಿನ ಹೇರ್‌ಪಿನ್ ಕಿತ್ತು ಮುಂಗೈ ಮೇಲೆ ಒತ್ತಿ ಒಂದು ಪದ ಗೀಚಿದೆ. ತೋಳನ್ನು ಅವರ ಮೇಜಿನ ಮೇಲೇ ಚಾಚಿದೆ.

"ಐದು ನಿಮಿಷ ಏಳಬೇಡಿ, ಡಾಕ್ಟರ್ ಸಾಹೇಬ್."

ಗೀರು ಮೊದಲು ಕೆಂಪಾಯಿತು. ಆಮೇಲೆ ಒಂದೊಂದು ಅಕ್ಷರವೂ ಹುರಿಹಗ್ಗದಂತೆ ಉಬ್ಬಿ ನಿಂತಿತು. ಡಾಕ್ಟರು ಕನ್ನಡಕ ಏರಿಸಿ ಬಗ್ಗಿದರು, ಬೆರಳಿನಿಂದ ಮುಟ್ಟಿ ನೋಡಿದರು.

"ಕ್ಯಾ ಲಿಖಾ ಹೈ?"

ನಾನು ಬರೆದದ್ದು ಕನ್ನಡದಲ್ಲಿ, "ಸುಳ್ಳಲ್ಲ" ಎಂದು. ಅವರಿಗೆ ತಿಳಿಯುವಂತೆ ಹೇಳಿದೆ: "ಝೂಟ್ ನಹೀ."

ಅವರು ಪೆನ್ನಿನ ಕ್ಯಾಪು ಮತ್ತೆ ತೆಗೆದು ಸರ್ಟಿಫಿಕೇಟ್ ಬರೆದುಕೊಟ್ಟರು. ನಾನು ಥ್ಯಾಂಕ್ಸ್ ಹೇಳಲಿಲ್ಲ. ಇರುವ ಕಾಯಿಲೆಯನ್ನು ಇದೆ ಅಂದದ್ದಕ್ಕೆ ಉಪಕಾರವೇನು ಬಂತು?