ಸಾಯಲೊಪ್ಪದ ರಾಜ, ಬಿಡಲೊಪ್ಪದ ಹೊನ್ನಯ್ಯ

ನಾಟಕ ಬರೆಯುವವರೆಂದರೆ ಹೆಗಲ ಮೇಲೆ ಶಾಲು, ಎದುರಿಗೆ ಮೇಜು ಇರಬೇಕೆಂಬುದು ನನ್ನ ನಂಬಿಕೆಯಾಗಿತ್ತು. ಆದ್ದರಿಂದ ಕೊಳ್ಳೇಗಾಲದ ಆ ಮನೆಯಲ್ಲಿ ಮಗ್ಗದ ಗುಂಡಿಯೊಳಗೆ ಕೂತಿದ್ದವನಿಗೆ, "ಒಳಗೆ ಹೋಗಿ ಕವಿಗಳನ್ನು ಕರೆಯಪ್ಪ" ಎಂದೆ.

"ಈ ಸೆರಗು ಮುಗೀಲಿ ಸಾ, ಕರೀತೀನಿ" ಎಂದ.

ಅರ್ಧ ಗಂಟೆ ಕಾದೆ. ಸೆರಗು ಮುಗಿಯಿತು. ಗುಂಡಿಯಿಂದ ಮೇಲೆ ಬಂದು, ಕೈ ಒರೆಸಿಕೊಂಡು, "ಬಂದವ್ರೆ. ಅದ್ಯಾನ ಕೇಳಿ" ಎಂದ.

ಹೀಗೆ ಪರಿಚಯವಾದರು ಹೊನ್ನಯ್ಯನವರು. ಅವರಿಗೆ ನಾಟಕ ಕಂಪನಿಯಿರಲಿಲ್ಲ, ಪರದೆಯಿರಲಿಲ್ಲ. ಹೂಗ್ಯಂ, ಮಾಂಬಳ್ಳಿ ಎಂದು ಊರೂರು ತಿರುಗಿ, ರಾಗಿ ಕೊಯ್ದು ಬಂದವರ ಬಾಯಲ್ಲಿ ಪುರಾಣದ ಮಾತು ಆಡಿಸುತ್ತಿದ್ದರು. ಆದರೆ ಮೂರು ವರ್ಷ ಲಾಳಿ ಎಸೆಯುತ್ತ ಎಸೆಯುತ್ತಲೇ ಸ್ವಂತದ್ದೊಂದು ನಾಟಕ ಕಟ್ಟಿದ್ದರು. ದುಷ್ಟ ರಾಜನನ್ನು ಬಡ ನೇಕಾರನೊಬ್ಬ ಕೊಲ್ಲುವ ಕಥೆ. ನೇಕಾರನ ಪಾತ್ರ ಅವರದೇ.

ಅದನ್ನು ಆಡಲು ಶಾಗ್ಯದಲ್ಲಿ ಜಾಗ ಸಿಕ್ಕಿತು. ಕಣ ಪಟೇಲ ದೊಡ್ಡಮಾದಪ್ಪನವರದು, ಗ್ಯಾಸ್‌ಲೈಟೂ ಅವರದು. ಹಾಗಾಗಿ ಕಿರೀಟವೂ ಅವರದೇ ಆಯಿತು. ಮಾತನ್ನು ಕೇಳಿ ಕೇಳಿ ಬಾಯಿಪಾಠ ಮಾಡುತ್ತಿದ್ದ ಪಟೇಲರಿಗೆ ತಾವು ಸಾಯಬೇಕೆಂಬ ಸುದ್ದಿ ತಲುಪಿದ್ದು ಕೊನೆಯ ವಾರ.

"ಲೇ ಹೊನ್ನ, ಶಾಗ್ಯದ ಪಟೇಲ ಮಗ್ಗದೋನ ಕೈಲಿ ಸಾಯಾದಾ? ನಾನು ಬುದ್ಧಿ ಕಲ್ತಂಗ್ ಮಾಡು, ಒಂದು ಹಾರ ಹಾಕ್ಸು."

"ರಾಜ ಸಾಯ್ದೆ ಇದ್ರೆ ಮೂರ್ವರ್ಸ ನಾನ್ಯಾಕೆ ಬರೀಬೇಕಿತ್ತು ಪಟೇಲ್ರೇ?"

"ಆಗ್ಲಿ, ನೋಡಮ" ಎಂದರು ಪಟೇಲರು.

ನೋಡಿದ್ದು ನಾವು. ಆಟದ ರಾತ್ರಿ ಕಳೆದು ಮೂಡಲು ಬೆಳ್ಳಗಾಗುವ ಹೊತ್ತಿಗೆ ಹೊನ್ನಯ್ಯ ಮರದ ಕತ್ತಿಯಿಂದ ತಿವಿದರು. ಪಟೇಲರು ಮೀಸೆ ತಿರುವಿ ನಿಂತೇ ಇದ್ದರು. ಇನ್ನೊಮ್ಮೆ ತಿವಿದರು. ಪಟೇಲರು ಕೆಮ್ಮಿದರು, ಅಷ್ಟೆ.

ಹೊನ್ನಯ್ಯ ಜನರತ್ತ ತಿರುಗಿ ಗುಡುಗಿದರು: "ಪ್ರಜೆಗಳೇ, ರಾಜನು ಮಡಿದನು! ನಿಮಗೆ ಕಾಣುತ್ತಿರುವುದು ಆತನ ಪ್ರೇತ!"

ರಾಣಿಯಾಗಿದ್ದ ಶಿವನಂಜಯ್ಯ ಜಾಣ. ತಕ್ಷಣ, ಹೆಣ ಬೀಳಬೇಕಿದ್ದ ಖಾಲಿ ಹಲಗೆಯ ಮೇಲೆ ಬಿದ್ದು ಗೋಳಾಡಿದ.

"ಲೇ, ನಾನ್ ಬದ್ಕಿವ್ನಿ ಕಣ್ಲಾ!" ಎಂದು ಪಟೇಲರು ಕೂಗಿದರು. ರಂಗದ ಮೇಲಿದ್ದವರಾರಿಗೂ ಅದು ಕೇಳಿಸಲಿಲ್ಲ. "ಪ್ರೇತ ಮಾತಾಡ್ತದೆ!" ಎಂದು ಮಕ್ಕಳು ತಾಯಂದಿರ ಸೆರಗು ಹೊಕ್ಕವು.

ಹೆಂಗಸರ ನಡುವಿನಿಂದ ಪಟೇಲರ ಹೆಂಡತಿ ಚನ್ನಮಲ್ಲಮ್ಮ ಎದ್ದರು. "ಬೆಳಗಾಯ್ತು, ಎಮ್ಮೆ ಕರೀಬೇಕು. ಒಂದ್ಗಳಿಗೆ ಸತ್ತೋಗ್ಬಾರದಾ ನೀವು?"

ಪಟೇಲರು ಹೆಗಲ ಮೇಲಿನ ವಲ್ಲಿ ಹಾಸಿ, ಕಿರೀಟವನ್ನು ಪಕ್ಕಕ್ಕಿಟ್ಟು, ಮಲಗಿದರು. ಜನ "ಒನ್ಸ್ ಮೋರ್!" ಎಂದು ಶಿಳ್ಳೆ ಹೊಡೆದರು. ಪಟೇಲರಿಗೆ ರುಚಿ ಹತ್ತಿತು. ಎದ್ದು, ಇನ್ನೂ ಎರಡು ಸಲ ಸತ್ತರು. ಮೂರನೆಯದರಲ್ಲಿ ನರಳಾಟವೂ ಇತ್ತು. ಎಮ್ಮೆ ಕಾಯಿತು.

ವರ್ಷಗಳ ಮೇಲೆ ಅದೇ ಮಗ್ಗದ ಬಳಿ ಕೂತು, ದೊಡ್ಡ ವಿಮರ್ಶಕನಂತೆ ಕನ್ನಡಕ ಸರಿಪಡಿಸಿಕೊಂಡು ಕೇಳಿದೆ: "ಹೊನ್ನಯ್ಯನವರೇ, ಅವತ್ತು ಪಟೇಲರು ಕೊನೆಗೂ ಸಾಯದೇ ಹೋಗಿದ್ದರೆ?"

ಅವರು ಲಾಳಿ ನಿಲ್ಲಿಸಲಿಲ್ಲ.

"ರಾಜ ಸತ್ತ ಅಂತ ನಾ ಬರ್ದಿವ್ನಲ್ಲ ಸಾ! ಎದ್ದು ನಿಂತ್ಕಂಡ್ರೆ ನಂಗ್ಯಾನ?"